ಕೋಟೆಯೋ, ಅಪಾರ್ಟ್‌ಮೆಂಟೋ: ಕನ್ನಡ ಕಾದಂಬರಿ ಆರಿಸುವವರಿಗೆ

‘ಕನ್ನಡದಲ್ಲಿ ಒಂದು ಒಳ್ಳೆಯ ಕಾದಂಬರಿ ಹೇಳಿ’ ಎಂದು ಬೆಂಗಳೂರಿನಲ್ಲಿ ನಾಲ್ಕು ಜನರನ್ನು ಕೇಳಿ ನೋಡಿ, ಉತ್ತರ ಎರಡು ಪಕ್ಷವಾಗಿ ಒಡೆಯುತ್ತದೆ. ಬಸವನಗುಡಿ, ಮಲ್ಲೇಶ್ವರದ ಹಿರಿಯರಾದರೆ ಕಣ್ಣು ಮುಚ್ಚಿಕೊಂಡು ‘ದುರ್ಗಾಸ್ತಮಾನ’ ಎನ್ನುತ್ತಾರೆ. ವೈಟ್‌ಫೀಲ್ಡ್ ಕಡೆ ಕೆಲಸಕ್ಕೆ ಹೋಗುವ ಮೂವತ್ತರ ಆಸುಪಾಸಿನವರಾದರೆ ‘ಘಾಚರ್ ಘೋಚರ್’ ಹೆಸರು ಮೊದಲು ಬರುತ್ತದೆ. ಮೊದಲ ಪಕ್ಷದವರಿಗೆ ಎರಡನೆಯದು ಕಾದಂಬರಿಯೇ ಅಲ್ಲ, ಉದ್ದದ ಕಥೆ. ಎರಡನೆಯವರಿಗೆ ಮೊದಲನೆಯದು ಅಜ್ಜನ ಕಪಾಟಿನ ಇಟ್ಟಿಗೆ. ಐತಿಹಾಸಿಕ ಕಾದಂಬರಿಯೋ ಸಮಕಾಲೀನದ್ದೋ ಎಂದು ಇವರಿಬ್ಬರ ನಡುವೆ ನಿಂತು ತಲೆ ಕೆರೆದುಕೊಳ್ಳುವವರಿಗೆ ಈ ಬರಹ. ನಾನು ಎರಡೂ ಕಡೆ ಓದುವವನು, ಆದರೆ ನಿಷ್ಪಕ್ಷಪಾತಿಯೇನಲ್ಲ. ಎಲ್ಲಿ ಯಾವ ಕಡೆ ವಾಲುತ್ತೇನೆ ಎನ್ನುವುದು ಓದುತ್ತಾ ಹೋದಂತೆ ಗೊತ್ತಾಗುತ್ತದೆ.

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ಐತಿಹಾಸಿಕ ಎಂಬ ಹಣೆಪಟ್ಟಿಯನ್ನು ನಾವು ಕಿರೀಟ ಕಂಡಲ್ಲಿ ಮಾತ್ರ ಅಂಟಿಸುತ್ತೇವೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಅಚ್ಚಾದದ್ದು 1967ರಲ್ಲಿ, ಅದರೊಳಗಿನ ಕಾಲ ಹತ್ತೊಂಬತ್ತನೇ ಶತಮಾನದ ಕೊನೆ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ 1976ರ ಪುಸ್ತಕ, ಅದರ ಬಾಲವಿಧವೆಯ ಬದುಕು ಶುರುವಾಗುವುದೂ ಅದೇ ಹಳೆಯ ಶತಮಾನದಲ್ಲಿ. ರಾಜ ಇಲ್ಲ, ದಂಡು ಇಲ್ಲ, ಹಾಗಾಗಿ ಯಾವ ಅಂಗಡಿಯಲ್ಲೂ ಇವೆರಡನ್ನು ಐತಿಹಾಸಿಕ ಕಾದಂಬರಿಗಳ ಸಾಲಿನಲ್ಲಿ ಇಡುವುದಿಲ್ಲ. ನಾನು ಬಳಸುವ ಗೆರೆ ಬೇರೆ. ಲೇಖಕ ಕಣ್ಣಾರೆ ಕಂಡದ್ದು ಅಥವಾ ಮನೆಯ ಹಿರಿಯರ ಬಾಯಲ್ಲಿ ಕೇಳಿದ್ದು ಒಂದು ಕಡೆ. ಶಾಸನ, ಕಾಗದಪತ್ರ, ಲಾವಣಿ, ಊರೂರಿನ ಹಳೆಯ ವೃತ್ತಾಂತಗಳಾದ ಕೈಫಿಯತ್ತುಗಳಿಂದ ಹೆಕ್ಕಿ ಕಟ್ಟಿದ್ದು ಇನ್ನೊಂದು ಕಡೆ. ಹೀಗೆ ನೋಡಿದರೆ ‘ಫಣಿಯಮ್ಮ’ ಮೊದಲ ಗುಂಪಿಗೆ ಬರುತ್ತಾಳೆ, ‘ದುರ್ಗಾಸ್ತಮಾನ’ದ ಮದಕರಿನಾಯಕ ಎರಡನೆಯದಕ್ಕೆ. ಪುರಾಣವನ್ನು ಆಧರಿಸಿದ ‘ಪರ್ವ’, ‘ಮಹಾಬ್ರಾಹ್ಮಣ’ದಂಥವು ಮೂರನೆಯ ಜಾತಿ. ಅವುಗಳ ತಂಟೆಗೆ ಇಲ್ಲಿ ಹೋಗುವುದಿಲ್ಲ.

ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆ

ಪುಸ್ತಕ ಕೈಗೆತ್ತಿಕೊಂಡವರು ಸಾಮಾನ್ಯವಾಗಿ ಮುನ್ನುಡಿ, ಬೆನ್ನುಡಿ ನೋಡುತ್ತಾರೆ. ಎರಡರಲ್ಲೂ ಬರೀ ಹೊಗಳಿಕೆ. ನಾನು ನಡುವಿನ ಯಾವುದಾದರೂ ಪುಟ ತೆರೆಯುತ್ತೇನೆ. ಐತಿಹಾಸಿಕವಾದರೆ ಅಡುಗೆಮನೆ ಹುಡುಕುತ್ತೇನೆ. ಯಾರಾದರೂ ಉಣ್ಣುತ್ತಿದ್ದಾರೆಯೇ, ನೀರು ಹೊರುತ್ತಿದ್ದಾರೆಯೇ, ಕುದುರೆ ತಿಕ್ಕುತ್ತಿದ್ದಾರೆಯೇ? ಇಪ್ಪತ್ತು ಪುಟ ತಿರುವಿದರೂ ಬರೀ ಒಡ್ಡೋಲಗ, ಖಡ್ಗ, ‘ಪ್ರಭೂ’ ಎಂಬ ಸಂಬೋಧನೆ ಸಿಕ್ಕರೆ ಪುಸ್ತಕ ವಾಪಸ್ಸು ಇಡುತ್ತೇನೆ. ಅದು ಗಣರಾಜ್ಯೋತ್ಸವದ ಸ್ತಬ್ಧಚಿತ್ರ.

ಸಮಕಾಲೀನವಾದರೆ ದುಡ್ಡು ಹುಡುಕುತ್ತೇನೆ. ಈ ಮನೆಗೆ ಬಾಡಿಗೆ ಯಾರು ಕಟ್ಟುತ್ತಾರೆ, ಸಂಬಳ ಎಷ್ಟನೇ ತಾರೀಕಿಗೆ ಬರುತ್ತದೆ, ಸಾಲ ಯಾರ ಹತ್ತಿರ ಮಾಡಿದ್ದಾರೆ ಎನ್ನುವುದು ಲೇಖಕರಿಗೆ ಗೊತ್ತಿದೆಯೇ? ಬಾಲ್ಕನಿಯಲ್ಲಿ ಕೂತು ಅಸ್ತಿತ್ವದ ಬಗ್ಗೆ ಯೋಚಿಸುವ ನಾಯಕನಿಗೆ ಇಎಂಐ ನೆನಪೇ ಆಗುವುದಿಲ್ಲ ಎಂದರೆ ಆತ ಬೆಂಗಳೂರಿನವನಲ್ಲ, ಕಾಗದದವನು.

ಇದು ಒರಟು ಪರೀಕ್ಷೆ ಎಂದು ಮೂಗು ಮುರಿಯುವವರಿದ್ದಾರೆ. ಇರಲಿ. ಮುಂದೆ ಹೆಸರಿಸುವ ಪುಸ್ತಕಗಳನ್ನೆಲ್ಲ ಇದರಲ್ಲೇ ಅಳೆದಿದ್ದೇನೆ.

ಗೊತ್ತಿರುವ ಅಂತ್ಯ: ಮಾಸ್ತಿ ಮತ್ತು ತರಾಸು

ಐತಿಹಾಸಿಕ ಕಾದಂಬರಿಯ ದೊಡ್ಡ ತೊಡಕೇ ಅದರ ದೊಡ್ಡ ಬಲ. ಕಥೆ ಎಲ್ಲಿ ಮುಗಿಯುತ್ತದೆ ಎಂದು ಓದುಗನಿಗೆ ಮೊದಲೇ ಗೊತ್ತು. 1779ರಲ್ಲಿ ಚಿತ್ರದುರ್ಗ ಹೈದರಾಲಿಯ ಕೈಗೆ ಬೀಳುತ್ತದೆ, 1834ರಲ್ಲಿ ಕೊಡಗಿನ ಅರಸ ಪದಚ್ಯುತನಾಗುತ್ತಾನೆ. ಮುಂದೇನಾಗುತ್ತದೋ ಎಂಬ ಕುತೂಹಲವನ್ನು ಊರುಗೋಲು ಮಾಡಿಕೊಳ್ಳಲು ಲೇಖಕನಿಗೆ ಸಾಧ್ಯವಿಲ್ಲ. ಹೇಗಾಯಿತು, ಯಾಕಾಯಿತು ಎಂಬುದರಲ್ಲೇ ಓದಿಸಬೇಕು.

ತರಾಸು ಅವರ ‘ದುರ್ಗಾಸ್ತಮಾನ’ ಇದನ್ನು ಆವೇಶದಿಂದ ಮಾಡುತ್ತದೆ. ಕಸ್ತೂರಿ ರಂಗಪ್ಪನಾಯಕ ಸತ್ತ ಮೇಲೆ, ಜಾನಕಲ್ಲಿನಿಂದ ಕರೆತಂದ ಹುಡುಗ ಮದಕರಿಗೆ 1754ರಲ್ಲಿ ಪಟ್ಟ ಕಟ್ಟುವುದರಿಂದ ಹಿಡಿದು ಕೋಟೆ ಬೀಳುವವರೆಗೆ ಕಾಲು ಶತಮಾನ ಅದರಲ್ಲಿ ತುಂಬಿಕೊಂಡಿದೆ. ಪ್ರಕಟವಾದದ್ದು 1982. ತರಾಸು ತೀರಿಕೊಂಡ ಮರುವರ್ಷ, 1985ರಲ್ಲಿ, ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಲೇಖಕರಿಗೆ ದುರ್ಗದ ಮೇಲೆ ಇದ್ದದ್ದು ವ್ಯಾಮೋಹವೇ. ಸಂಭಾಷಣೆ ಎತ್ತರದ ದನಿಯಲ್ಲಿರುತ್ತದೆ, ಪ್ರತಿಜ್ಞೆ, ಕಣ್ಣೀರು, ಸ್ವಾಮಿನಿಷ್ಠೆ ಒಂದರ ಹಿಂದೊಂದು ಬರುತ್ತವೆ. ನನ್ನ ಅಡುಗೆಮನೆ ಪರೀಕ್ಷೆಯಲ್ಲಿ ಇದರ ಅನೇಕ ಪುಟಗಳು ನಪಾಸು. ಆದರೆ ದುರ್ಗದ ಕಥೆಯೇ ಒಂದು ಕಡೆ ಲೇಖಕರನ್ನು ಅಡುಗೆಮನೆಗೆ ಕರೆದುಕೊಂಡು ಹೋಗುತ್ತದೆ. ಕಾವಲಿನವನು ಊಟಕ್ಕೆಂದು ಮನೆಗೆ ಬಂದಿದ್ದಾನೆ, ಹೆಂಡತಿ ನೀರಿಗೆಂದು ಹೊರಟವಳು ಕಿಂಡಿಯಲ್ಲಿ ತೂರಿಬರುವ ಶತ್ರುವನ್ನು ನೋಡುತ್ತಾಳೆ, ಕೈಗೆ ಸಿಗುವುದು ಭತ್ತ ಕುಟ್ಟುವ ಒನಕೆ. ಓಬವ್ವನ ಪ್ರಸಂಗ ಇಷ್ಟು ವರ್ಷ ಜನರ ಬಾಯಲ್ಲಿ ಉಳಿದಿರುವುದಕ್ಕೆ ಶೌರ್ಯ ಒಂದೇ ಕಾರಣವಲ್ಲ. ಇಡೀ ಮುತ್ತಿಗೆಯಲ್ಲಿ ನಮ್ಮ ಮನೆಯಂಥ ಮನೆ ಕಾಣುವುದು ಅಲ್ಲಿಯೇ.

ಕೊಡಗಿನ ಆ ಅರಸನ ಕಥೆ ಹೇಳುವ ಮಾಸ್ತಿಯವರ ‘ಚಿಕವೀರ ರಾಜೇಂದ್ರ’ (1956) ತದ್ವಿರುದ್ಧ ಸ್ವಭಾವದ್ದು. 1983ನೇ ಸಾಲಿನ ಜ್ಞಾನಪೀಠ ತಂದುಕೊಟ್ಟ ಕೃತಿ ಎಂಬ ಗೌರವದ ಭಯದಿಂದಲೇ ಅನೇಕರು ಇದನ್ನು ಮುಟ್ಟುವುದಿಲ್ಲ. ಮುಟ್ಟಿದರೆ ಆಶ್ಚರ್ಯ ಕಾದಿದೆ, ಏಕೆಂದರೆ ಇಷ್ಟು ತಣ್ಣಗೆ ರಾಜ್ಯವೊಂದು ಕುಸಿಯುವುದನ್ನು ಹೇಳಿದ ಇನ್ನೊಂದು ಕನ್ನಡ ಕಾದಂಬರಿ ನನಗೆ ಗೊತ್ತಿಲ್ಲ. ಮಾಸ್ತಿ ಮೈಸೂರು ಸಂಸ್ಥಾನದಲ್ಲಿ ದೊಡ್ಡ ಹುದ್ದೆಗಳಲ್ಲಿದ್ದವರು. ಆಡಳಿತ ಹೇಗೆ ಕೆಡುತ್ತದೆ ಎನ್ನುವುದು ಅವರಿಗೆ ಪುಸ್ತಕ ಓದಿ ಗೊತ್ತಾದದ್ದಲ್ಲ. ಕುಡಿತ, ಹೆಣ್ಣು, ಸಿಟ್ಟು ಇವಿಷ್ಟೇ ಅರಸನನ್ನು ಕೆಡವಲಿಲ್ಲ. ಬೋಪಣ್ಣ, ಲಕ್ಷ್ಮೀನಾರಾಯಣಯ್ಯನವರಂಥ ಮಂತ್ರಿಗಳಿಗೂ ಅರಸನಿಗೂ ನಡುವೆ ಮಾತು ನಿಂತುಹೋಗುತ್ತದೆ. ಬಾಲ್ಯದ ಜೊತೆಗಾರ, ನಾಯಿಗಳನ್ನು ನೋಡಿಕೊಳ್ಳುತ್ತಿದ್ದ ಕುಂಟ ಬಸವ ಮಂತ್ರಿಯಾಗುತ್ತಾನೆ. ಇಂಗ್ಲಿಷರಿಗೆ ಬರೆಯುವ ಕಾಗದದ ಧಾಟಿ ಕೆಡುತ್ತದೆ. ಈ ಪುಸ್ತಕದಲ್ಲಿ ಯಾವ ಕತ್ತಿಗಿಂತಲೂ ಹೆಚ್ಚು ಹಾನಿ ಮಾಡುವುದು ತಡವಾಗಿ ಆಡಿದ ಅಥವಾ ಆಡದೆ ಬಿಟ್ಟ ಮಾತುಗಳು. ರಾಣಿ ಗೌರಮ್ಮ ಇರುವ ಪುಟಗಳಲ್ಲಿ ಅರಮನೆ ಒಂದು ಸಂಸಾರದಂತೆ ಕಾಣುತ್ತದೆ. ಗಂಡ ಕೆಟ್ಟವನೆಂದು ಗೊತ್ತು, ಬಿಟ್ಟು ಹೋಗುವಂತಿಲ್ಲ, ಮಗಳನ್ನು ಕಾಪಾಡಬೇಕು.

ಎರಡರಲ್ಲಿ ಒಂದೇ ಓದುವುದಾದರೆ ಮಾಸ್ತಿಯನ್ನು ಓದಿ. ವಾಕ್ಯ ಚಿಕ್ಕದು, ಪದ ಸರಳ, ಲೇಖಕ ಯಾರ ಮೇಲೂ ರೇಗುವುದಿಲ್ಲ. ಹದಿನೈದು ವರ್ಷದ ಮಕ್ಕಳಿಗೆ ಓದಿಸುವುದಾದರೆ ಮಾತ್ರ ತರಾಸು ಮೊದಲು. ಆ ವಯಸ್ಸಿಗೆ ಎತ್ತರದ ದನಿ ಇಷ್ಟವಾಗುತ್ತದೆ. ಮದಕರಿಯ ದಪ್ಪ ನೋಡಿ ಹೆದರಿದವರಿಗೆ ತರಾಸು ಅವರದೇ ‘ಹಂಸಗೀತೆ’ ಇದೆ. ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನ ಕಥೆ, ಅದೂ ದುರ್ಗದ್ದೇ. ಪುಟ ಕಡಿಮೆ, ತೂಕ ಕಡಿಮೆಯಿಲ್ಲ.

ಊರೊಳಗಿನ ಕಥೆ, ಕಾಣದ ಅಂತ್ಯ

ಸಮಕಾಲೀನ ಕಾದಂಬರಿಯ ಆಕರ್ಷಣೆ ತಿರುಗುಮುರುಗು. ಬೀದಿ ಗೊತ್ತು, ಬಸ್ಸು ಗೊತ್ತು, ಜನರ ಮಾತಿನ ಧಾಟಿ ಗೊತ್ತು, ಏನಾಗುತ್ತದೆ ಎಂದು ಮಾತ್ರ ಗೊತ್ತಿಲ್ಲ. ಗೊತ್ತಿರುವ ಬೀದಿಯಲ್ಲೇ ದಾರಿ ತಪ್ಪಿಸಿದರೆ ಅದು ಒಳ್ಳೆಯ ಪುಸ್ತಕ.

ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013) ದುಡ್ಡಿನ ಪರೀಕ್ಷೆಯಲ್ಲಿ ನೂರಕ್ಕೆ ನೂರು. ಕೆಳಮಧ್ಯಮ ವರ್ಗದ ಬೆಂಗಳೂರಿನ ಕುಟುಂಬ. ಅಪ್ಪನಿಗೆ ಸೇಲ್ಸ್ ಕೆಲಸ, ಸ್ವಯಂ ನಿವೃತ್ತಿಯ (ವಿಆರ್‌ಎಸ್) ದುಡ್ಡು ಚಿಕ್ಕಪ್ಪನ ಮಸಾಲೆ ಪುಡಿ ವ್ಯಾಪಾರಕ್ಕೆ ಬಂಡವಾಳವಾಗುತ್ತದೆ, ಸೋನಾ ಮಸಾಲಾ ಕಂಪನಿ ಬೆಳೆಯುತ್ತದೆ, ಇರುವೆ ತುಂಬಿದ ಪುಟ್ಟ ಮನೆಯಿಂದ ದೊಡ್ಡ ಮನೆಗೆ ಬರುತ್ತಾರೆ. ದುಡಿಯುವವನು ಒಬ್ಬನೇ ಆದಾಗ ಉಳಿದವರೆಲ್ಲ ಅವನನ್ನು ಕಾಯುವ ಕಾವಲುಗಾರರಾಗುವ ಬಗೆ ಇದೆಯಲ್ಲ, ಅದನ್ನು ಇಷ್ಟು ಕಡಿಮೆ ಪುಟಗಳಲ್ಲಿ ಹೇಳಿರುವುದು ಸಾಮಾನ್ಯ ಸಂಗತಿಯಲ್ಲ. ಒಂದು ದೃಶ್ಯ ಹೇಳುತ್ತೇನೆ, ಅಂತ್ಯ ಹೇಳುವುದಿಲ್ಲ. ಒಂದು ದಿನ ಚಿಕ್ಕಪ್ಪನನ್ನು ಹುಡುಕಿಕೊಂಡು ಹೆಂಗಸೊಬ್ಬಳು ಬಾಗಿಲಿಗೆ ಬರುತ್ತಾಳೆ. ಅವನಿಗಿಷ್ಟವೆಂದು ಮಸೂರ್ ದಾಲ್ ಮಾಡಿ ತಂದಿದ್ದಾಳೆ. ಮನೆಯ ಹೆಂಗಸರು ಆಕೆಯ ಮೇಲೆ ಬೀಳುವ ರೀತಿ, ನೆಲಕ್ಕೆ ಚೆಲ್ಲಿದ ಸಾರು, ಚಿಕ್ಕಪ್ಪ ಒಳಗೇ ಉಳಿಯುವುದು, ನಿರೂಪಕ ಬಾಯಿ ಬಿಡದೆ ನಿಲ್ಲುವುದು. ಯಾರೂ ಯಾರನ್ನೂ ಕೊಂದಿಲ್ಲ. ಆದರೂ ಆ ಪುಟ ಮುಗಿಸಿದ ಮೇಲೆ ಈ ಮನೆಯವರು ಏನು ಬೇಕಾದರೂ ಮಾಡಿಯಾರು ಎಂಬ ಭಯ ಒಳಗೆ ಕೂತುಬಿಡುತ್ತದೆ. ರಕ್ತಪಾತದ ಅಧ್ಯಾಯಗಳಿರುವ ಎಷ್ಟೋ ಐತಿಹಾಸಿಕ ಕಾದಂಬರಿಗಳು ನನ್ನಲ್ಲಿ ಆ ಭಯ ಹುಟ್ಟಿಸಿಲ್ಲ.

ಅವರದೇ ‘ಸಕೀನಾಳ ಮುತ್ತು’ (2021) ಇನ್ನೂ ಹತ್ತಿರದ್ದು. ಬೆಂಗಳೂರಿನ ಐಟಿ ಉದ್ಯೋಗಿ, ವ್ಯಕ್ತಿತ್ವ ವಿಕಸನದ ಪುಸ್ತಕಗಳನ್ನು ನೆಚ್ಚಿಕೊಂಡವನು, ಕಾಲೇಜಿಗೆ ಹೋಗುವ ಮಗಳು ಎಲ್ಲಿದ್ದಾಳೆಂದು ಗೊತ್ತಾಗದೆ ಪರದಾಡುವ ಕೆಲವು ದಿನಗಳು. ಕಚೇರಿಯಲ್ಲಿ ಉದಾರಿ, ಮನೆಯಲ್ಲಿ ಯಜಮಾನ. ಓದುತ್ತಾ ನಿಮ್ಮ ಪಕ್ಕದ ಕ್ಯೂಬಿಕಲ್ಲಿನವನ ನೆನಪಾದರೆ ಸರಿ, ನಿಮ್ಮದೇ ನೆನಪಾದರೆ ಇನ್ನೂ ಸರಿ.

ಕಾರ್ಪೊರೇಟ್ ಕಥೆ ಹೊಸದು ಎಂದು ತಿಳಿದವರು ಯಶವಂತ ಚಿತ್ತಾಲರ ‘ಶಿಕಾರಿ’ (1979) ಓದಬೇಕು. ಮುಂಬಯಿಯ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿರುವ ನಾಗನಾಥನಿಗೆ ಒಂದು ದಿನ ವಿಚಾರಣೆ ಮುಗಿಯುವವರೆಗೆ ಕೆಲಸಕ್ಕೆ ಬರಬೇಡ ಎನ್ನುತ್ತಾರೆ. ತಾನು ಮಾಡಿದ ತಪ್ಪೇನೆಂದು ಅವನಿಗೇ ಗೊತ್ತಿಲ್ಲ. ಎಚ್‌ಆರ್ ಕಡೆಯಿಂದ ‘ಸಣ್ಣ ಮಾತುಕತೆಗೆ ಬನ್ನಿ’ ಎಂಬ ಆಹ್ವಾನ ಬಂದಾಗ ಬೆನ್ನಲ್ಲಿ ಚಳಿ ಹುಟ್ಟಿದ ಯಾರಿಗೂ ಈ ಪುಸ್ತಕಕ್ಕೆ ಟಿಪ್ಪಣಿ ಬೇಡ. ನಡುವೆ ಒಂದಷ್ಟು ಪುಟ ನಾಯಕನ ಯೋಚನೆ ಗಿರಕಿ ಹೊಡೆಯುತ್ತದೆ, ತಾಳ್ಮೆ ಬೇಕು.

ಸಮಕಾಲೀನ ಬರಹದ ಕಾಯಿಲೆಯೂ ಒಂದಿದೆ, ಹೇಳಿಬಿಡುತ್ತೇನೆ. ಈಚೆಗೆ ಬರುವ ಅನೇಕ ನಗರದ ಕಾದಂಬರಿಗಳಲ್ಲಿ ಟ್ರಾಫಿಕ್ಕು, ಕೆಫೆ, ವಾಟ್ಸ್ಆ್ಯಪ್ ಸಂದೇಶ ಬರುತ್ತವೆ, ಮನೆಗೆಲಸದವಳು ಬರುವುದಿಲ್ಲ. ಬಂದರೂ ಹೆಸರಿರುವುದಿಲ್ಲ. ರಾಜಸಭೆಯಲ್ಲಿ ಚಾಮರ ಬೀಸುವವಳಿಗೆ ಹೆಸರು ಕೊಡದ ಹಳೆಯ ಕಾದಂಬರಿಗೂ ಇದಕ್ಕೂ ಏನು ವ್ಯತ್ಯಾಸ?

ಭಾಷೆ ಯಾವುದರಲ್ಲಿ ಕಷ್ಟ?

‘ಐತಿಹಾಸಿಕದಲ್ಲಿ ಹಳೆಯ ಪದ ಜಾಸ್ತಿ, ಸಮಕಾಲೀನ ಸುಲಭ’ ಎನ್ನುವುದು ಎಲ್ಲರೂ ಹೇಳುವ ಮಾತು. ಅರ್ಧ ಸತ್ಯ. ದಳವಾಯಿ, ಪಾಳೆಯಗಾರ, ಬತೇರಿ, ಅಗಸೆ ಬಾಗಿಲು ಇಂಥ ನಲವತ್ತು ಐವತ್ತು ಪದ ದಾಟಿದರೆ ತರಾಸು ಅವರ ಕನ್ನಡ ಶಾಲೆಯ ಪಠ್ಯದ ಕನ್ನಡವೇ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿ, ಕನ್ನಡವನ್ನು ಎರಡನೇ ಭಾಷೆಯಾಗಿ ಹತ್ತನೇ ಕ್ಲಾಸಿನವರೆಗೆ ಓದಿದವರೂ ನೂರು ಪುಟದ ಹೊತ್ತಿಗೆ ಹಳಿಗೆ ಬರುತ್ತಾರೆ.

ಅದೇ ದೇವನೂರ ಮಹಾದೇವರ ‘ಕುಸುಮಬಾಲೆ’ (1984) ತೆಗೆದುಕೊಳ್ಳಿ. ಸಣ್ಣ ಪುಸ್ತಕ, ಕಥೆ ನಮ್ಮ ಕಾಲದ್ದೇ. ನಂಜನಗೂಡು ಸೀಮೆಯ ಆಡುಮಾತಿನಲ್ಲಿ ನಿರೂಪಣೆಯೂ ಇದೆ. ರಾತ್ರಿ ದೀಪಗಳು ಒಂದೆಡೆ ಸೇರಿ ಮಾತಾಡಿಕೊಳ್ಳುತ್ತವೆ, ಮಂಚ ಮಾತಾಡುತ್ತದೆ. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಕನ್ನಡಿಗರು ಮೊದಲ ಐದು ಪುಟದಲ್ಲೇ ಸುಸ್ತಾಗುವುದನ್ನು ನೋಡಿದ್ದೇನೆ. ಇದಕ್ಕೆ ಮದ್ದು ಗಟ್ಟಿಯಾಗಿ ಓದುವುದು. ಕಣ್ಣಿಗೆ ತೊಡರುವ ವಾಕ್ಯ ಕಿವಿಗೆ ಬಿದ್ದರೆ ಬಿಡಿಸಿಕೊಳ್ಳುತ್ತದೆ. ಮೈಸೂರು, ಚಾಮರಾಜನಗರ ಕಡೆಯ ಸ್ನೇಹಿತರಿದ್ದರೆ ಅವರ ಕೈಲಿ ಓದಿಸಿಕೊಳ್ಳಿ, ಅದಕ್ಕಿಂತ ಒಳ್ಳೆಯ ಆಡಿಯೋ ಪುಸ್ತಕ ಸಿಗುವುದಿಲ್ಲ. ಕಷ್ಟ ಪಟ್ಟದ್ದಕ್ಕೆ ಈ ಪುಸ್ತಕ ಕೊಡುವ ಪ್ರತಿಫಲ ದೊಡ್ಡದು, ಆದರೆ ಮೊದಲ ಕನ್ನಡ ಕಾದಂಬರಿಯಾಗಿ ಯಾರಿಗೂ ಹೇಳುವುದಿಲ್ಲ. ‘ಮಲೆಗಳಲ್ಲಿ ಮದುಮಗಳು’ ಕೂಡ ಹಾಗೆಯೇ. ಭಾಷೆಗಿಂತ ಹೆಚ್ಚಾಗಿ ಅಲ್ಲಿ ಜನಸಂದಣಿ ತೊಡಕು, ಯಾರು ಯಾವ ಮನೆಯವರು ಎಂದು ನೆನಪಿಟ್ಟುಕೊಳ್ಳಲು ಒಂದು ಚೀಟಿ ಬರೆದುಕೊಳ್ಳಬೇಕು.

ಒಂದೇ ರಾಣಿ, ಬೇರೆ ಬೇರೆ ಪುಸ್ತಕ

ಐತಿಹಾಸಿಕ ಕಾದಂಬರಿ ಎಂದರೆ ಒಂದೇ ಬಗೆ ಎಂದುಕೊಂಡವರಿಗೆ ಒಳ್ಳೆಯ ಅಭ್ಯಾಸವೊಂದಿದೆ. ಒಂದೇ ವ್ಯಕ್ತಿಯ ಬಗ್ಗೆ ಇಬ್ಬರು ಬರೆದದ್ದನ್ನು ಹಿಂದೆಮುಂದೆ ಓದುವುದು.

ಗೇರುಸೊಪ್ಪೆಯ ಚೆನ್ನಭೈರಾದೇವಿ ಹದಿನಾರನೇ ಶತಮಾನದವಳು, ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದವಳು. ಕೆ.ಎನ್. ಗಣೇಶಯ್ಯ ಅವರ ‘ಬಳ್ಳಿಕಾಳ ಬೆಳ್ಳಿ’ಯೂ ಗಜಾನನ ಶರ್ಮ ಅವರ ‘ಚೆನ್ನಭೈರಾದೇವಿ’ಯೂ ಆಕೆಯ ಸುತ್ತ ಕಟ್ಟಿದವು. ಗಣೇಶಯ್ಯ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ವಿಜ್ಞಾನಿಯಾಗಿದ್ದವರು. ಅವರ ಕಾದಂಬರಿಗಳಲ್ಲಿ ಪತ್ತೇದಾರಿಯ ಓಟ, ಪುರಾವೆಯ ಟಿಪ್ಪಣಿ, ಶಾಸನ, ಚಿತ್ರ ಎಲ್ಲ ಒಟ್ಟೊಟ್ಟಿಗೆ. ಒಂದು ಸುಳಿವಿನಿಂದ ಇನ್ನೊಂದಕ್ಕೆ ಜಿಗಿಯುತ್ತಾ ಓದಿಸಿಕೊಂಡು ಹೋಗುತ್ತವೆ, ಪಾತ್ರಗಳು ಮಾತ್ರ ಸುಳಿವು ಹೊರುವ ಕೂಲಿಗಳಂತೆ ಕಾಣುವುದುಂಟು. ಶರ್ಮರ ಪುಸ್ತಕ ನಿಧಾನದ್ದು. ಶರಾವತಿ ಕಣಿವೆಯ ಮಳೆ, ಮೆಣಸು, ಬಸದಿ, ನಂಟಸ್ತಿಕೆಗಳಲ್ಲಿ ರಾಣಿಯನ್ನು ಕೂರಿಸುತ್ತದೆ. ಥ್ರಿಲ್ಲರ್ ಓದಿ ಅಭ್ಯಾಸವಾದವರು ಗಣೇಶಯ್ಯನವರಿಂದ ಶುರುಮಾಡಿ ಶರ್ಮರಿಗೆ ಬರಲಿ. ಹಿಂದುಮುಂದಾದರೆ ಎರಡನೆಯದು ಅವಸರದ್ದೆನಿಸುತ್ತದೆ.

ಹೊಯ್ಸಳರ ಶಾಂತಲೆಗೂ ಇಂಥದೇ ಅದೃಷ್ಟ. ಕೆ.ವಿ. ಅಯ್ಯರ್ ಅವರ ‘ಶಾಂತಲಾ’ ಒಂದು ಕಡೆ, ಸಂಪುಟಗಳಲ್ಲಿ ಹರಡಿಕೊಂಡಿರುವ ಸಿ.ಕೆ. ನಾಗರಾಜರಾವ್ ಅವರ ‘ಪಟ್ಟಮಹಾದೇವಿ ಶಾಂತಲಾದೇವಿ’ ಇನ್ನೊಂದು ಕಡೆ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದ ಹೆಸರಾಂತ ಅಂಗಸಾಧಕ ಎಂಬುದು ಹೊಸ ಓದುಗರಿಗೆ ಗೊತ್ತಿರುವುದಿಲ್ಲ. ಕಬ್ಬಿಣ ಎತ್ತುವ ಕೈ ಅಷ್ಟು ನವುರಾದ ಕನ್ನಡ ಬರೆದಿದೆ. ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳೆಂದು ಶಾಸನ ಹೇಳುತ್ತದೆ. ವಾರಾಂತ್ಯಕ್ಕೆ ಅಲ್ಲಿಗೆ ಟ್ರೆಕಿಂಗ್ ಹೋಗುವ ನಮ್ಮವರು ‘ಶಾಂತಲಾ ಡ್ರಾಪ್’ ಎಂಬ ಬಂಡೆಯ ಅಂಚಿನಲ್ಲಿ ಸೆಲ್ಫಿ ತೆಗೆದುಕೊಂಡು ಬರುತ್ತಾರೆ. ಅವರಲ್ಲಿ ಒಬ್ಬರಾದರೂ ಅಯ್ಯರ್ ಪುಸ್ತಕ ಓದಲಿ ಎಂದು ಆಸೆ. ನಾಗರಾಜರಾವ್ ಅವರದು ಮೂರ್ತಿದೇವಿ ಪ್ರಶಸ್ತಿ ಪಡೆದ ಕೃತಿ, ನಿವೃತ್ತರಿಗೆ ಮತ್ತು ಸಾವಧಾನಿಗಳಿಗೆ.

ಎರಡು ಇಸವಿ

ಯಾವ ಐತಿಹಾಸಿಕ ಕಾದಂಬರಿ ಕೊಂಡರೂ ಎರಡು ಇಸವಿ ನೋಡಿ: ಕಥೆ ನಡೆಯುವ ಇಸವಿ, ಪುಸ್ತಕ ಬರೆದ ಇಸವಿ. ಎರಡನೆಯದೇ ಹೆಚ್ಚು ಹೇಳುತ್ತದೆ.

ನಿರಂಜನರ ‘ಚಿರಸ್ಮರಣೆ’ ಕಾಸರಗೋಡು ಸೀಮೆಯ ಕಯ್ಯೂರಿನ ರೈತ ಹೋರಾಟದ ಕಥೆ. ಅದರ ನಾಲ್ವರು ಹೋರಾಟಗಾರರನ್ನು ಗಲ್ಲಿಗೇರಿಸಿದ್ದು 1943ರಲ್ಲಿ, ಕಾದಂಬರಿ ಬಂದದ್ದು 1955ರಲ್ಲಿ. ಆಗ ಅದು ನಿನ್ನೆ ಮೊನ್ನೆಯ ಸುದ್ದಿ, ಇವತ್ತು ಓದುವವರಿಗೆ ಇತಿಹಾಸ. ಅದೇ ನಿರಂಜನರು 1976ರಲ್ಲಿ ‘ಮೃತ್ಯುಂಜಯ’ದಲ್ಲಿ ಪ್ರಾಚೀನ ಈಜಿಪ್ಟಿಗೆ ಹೋಗಿ ಮೆನೆಪ್ಟಾ ಎಂಬವನ ನೇತೃತ್ವದಲ್ಲಿ ಜನ ದಂಗೆಯೇಳುವುದನ್ನು ಬರೆದರು. ಸ್ಥಳ ನೈಲ್ ನದಿ, ಕಾಳಜಿ ಪೂರ್ತಿ ಇಪ್ಪತ್ತನೇ ಶತಮಾನದ್ದು. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ (1899) ಬರೆದಾಗ ಬಿಸಿ ಬಿಸಿ ಸಾಮಾಜಿಕ ಕಾದಂಬರಿ. ಈಗ ಅದು ಆ ಕಾಲದ ಮಂಗಳೂರಿನ ದಾಖಲೆ.

ಭೈರಪ್ಪನವರ ‘ಆವರಣ’ (2007) ಈ ದೃಷ್ಟಿಯಿಂದ ಕುತೂಹಲದ್ದು. ಹೊರಗಿನ ಕಥೆ ನಮ್ಮ ಕಾಲದ ಸಾಕ್ಷ್ಯಚಿತ್ರ ನಿರ್ದೇಶಕಿಯದು, ಅದರೊಳಗೆ ಆಕೆ ಬರೆಯುವ ಮೊಘಲ್ ಕಾಲದ ಕಾದಂಬರಿ. ಬಿಡುಗಡೆಗೆ ಮೊದಲೇ ಪ್ರತಿಗಳು ಖರ್ಚಾದವು ಎಂಬಷ್ಟು ಗದ್ದಲವೆಬ್ಬಿಸಿದ ಪುಸ್ತಕ. ಪರ ಅಥವಾ ವಿರುದ್ಧ ಎಂದು ಮೊದಲೇ ತೀರ್ಮಾನಿಸಿಕೊಂಡು ಓದುವವರೇ ಹೆಚ್ಚು. ನನ್ನ ಮಟ್ಟಿಗೆ ಅದು ಔರಂಗಜೇಬನ ಕಾಲದ ಬಗ್ಗೆ ಹೇಳುವುದಕ್ಕಿಂತ 2007ರ ಕರ್ನಾಟಕ ಏನನ್ನು ವಾದಿಸುತ್ತಿತ್ತು ಎನ್ನುವುದರ ಬಗ್ಗೆ ಹೆಚ್ಚು ಹೇಳುತ್ತದೆ. ಪಾತ್ರಗಳಿಗಿಂತ ವಾದವೇ ಮುಂದೆ ನಡೆಯುವ ಕಾರಣ ಕಾದಂಬರಿಯಾಗಿ ಅವರದೇ ‘ಗೃಹಭಂಗ’ದ ಎತ್ತರಕ್ಕೆ ಬರುವುದಿಲ್ಲ. ಇತಿಹಾಸದೊಳಗೆ ಭೈರಪ್ಪನವರನ್ನು ಓದಬೇಕೆಂದರೆ ‘ಸಾರ್ಥ’ (1998) ಹಿಡಿಯಿರಿ. ಎಂಟನೇ ಶತಮಾನದ ವರ್ತಕರ ಗುಂಪಿನೊಡನೆ ಹೊರಟ ನಾಗಭಟ್ಟ ದೇಶದ ಉದ್ದಗಲ ಅಲೆಯುತ್ತಾನೆ. ಅಲ್ಲಿ ವಾದಗಳಿದ್ದರೂ ಕಾಲಿಗೆ ದೂಳು ಮೆತ್ತುತ್ತದೆ.

ಎರಡೂ ಬೇಕೆನ್ನುವವರಿಗೆ

ಒಂದೇ ಪುಸ್ತಕದಲ್ಲಿ ಎರಡೂ ಪರೀಕ್ಷೆ ಪಾಸಾಗಬೇಕೆಂದರೆ ವಸುಧೇಂದ್ರರ ‘ತೇಜೋ ತುಂಗಭದ್ರಾ’ (2019). ಲಿಸ್ಬನ್ನಿನ ತೇಜೋ ನದಿಯ ದಂಡೆಯಲ್ಲಿ ಗೇಬ್ರಿಯಲ್ ಮತ್ತು 
ಯಹೂದಿ ಹುಡುಗಿ ಬೆಲ್ಲಾ, ವಿಜಯನಗರದ ಸೀಮೆಯಲ್ಲಿ ಹಂಪಮ್ಮ ಮತ್ತು ಕೇಶವ. ವಾಸ್ಕೋ ಡ ಗಾಮಾ 1498ರಲ್ಲಿ ಬಂದುಹೋದ ಮೇಲಿನ, ಅಲ್ಬುಕರ್ಕ್ 1510ರಲ್ಲಿ ಗೋವಾ ಹಿಡಿದ ಕಾಲ. ಕೃಷ್ಣದೇವರಾಯ ಇದ್ದಾನೆ, ಆದರೆ ಕಾದಂಬರಿ ಅವನದ್ದಲ್ಲ. ವ್ಯಾಪಾರ, ಹಡಗು, ಕಾಳುಮೆಣಸು, ಮತಾಂತರ, ರಾಜನಿಗಾಗಿ ಪ್ರಾಣ ಕೊಡುವ ಲೆಂಕ, ಸತಿ ಹೋಗುವ ಹೆಂಗಸು ಇವೆಲ್ಲ ಸಾಮಾನ್ಯರ ಮೇಲೆ ಬಂದೆರಗುವ ರೀತಿ ಅದರದ್ದು. ಮೆಣಸಿನ ಲೆಕ್ಕವೂ ಇದೆ, ಅಡುಗೆಯ ಹೊಗೆಯೂ ಇದೆ. ಭಾಷೆ ಇವತ್ತಿನದು. ಐಟಿಯಲ್ಲಿ ದುಡಿದು ಬಂದ ಲೇಖಕರಿಗೆ ಇವತ್ತಿನ ಓದುಗನ ಗಮನ ಎಷ್ಟು ಹೊತ್ತು ನಿಲ್ಲುತ್ತದೆ ಎಂಬ ಅಂದಾಜಿದೆ, ಅಧ್ಯಾಯಗಳು ಹಾಗೆಯೇ ಕತ್ತರಿಸಿವೆ. ಕ್ರೌರ್ಯದ ಪ್ರಸಂಗಗಳು ಸ್ವಲ್ಪ ಹೆಚ್ಚೇ ಆದವು, ಕಾಕತಾಳೀಯಗಳೂ ಅಷ್ಟೆ. ಆದರೂ ವಿಜಯನಗರವೆಂದರೆ ಬೀದಿಯಲ್ಲಿ ಮುತ್ತುರತ್ನ ಅಳೆದ ಚಿತ್ರ ಮಾತ್ರ ತಲೆಯಲ್ಲಿರುವ ನಮಗೆ ಈ ಪುಸ್ತಕ ಬೇಕಿತ್ತು. ರೇಷ್ಮೆ ದಾರಿಯ ಬಗೆಗಿನ ಅವರ ‘ರೇಷ್ಮೆ ಬಟ್ಟೆ’ಯನ್ನು ಇದು ಹಿಡಿಸಿದರೆ ಮಾತ್ರ ಕೊಳ್ಳಿ.

ಯಾರಿಗೆ ಯಾವುದು, ಎಲ್ಲಿ

ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ನೇರಳೆ ಮಾರ್ಗದಲ್ಲಿ ಒಂದು ಗಂಟೆಗೂ ಮೀರಿ ಕೂರುವವರು ಸಮಕಾಲೀನ ಸಣ್ಣ ಕಾದಂಬರಿ ಇಟ್ಟುಕೊಳ್ಳಿ. ನಿಂತು ಹೋಗುವವರಿಗೆ ಫೋನಿನಲ್ಲಿ ಮೈಲ್ಯಾಂಗ್‌ನಂಥ ಆ್ಯಪಿನ ಇ-ಪುಸ್ತಕ ಅಥವಾ ಆಡಿಯೋ. ‘ದುರ್ಗಾಸ್ತಮಾನ’ದ ಗಾತ್ರದ್ದನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ಕಂಬ ಹಿಡಿಯುವುದು ಆಗದ ಮಾತು. ಅದು ದಸರಾ ರಜೆಯ ಪುಸ್ತಕ. ಮನೆಯಲ್ಲಿ ಅತ್ತೆ, ಸೊಸೆ, ಮಗಳು ಮೂವರೂ ಓದಿ ಜಗಳವಾಡಬೇಕೆಂದರೆ ‘ಫಣಿಯಮ್ಮ’. ಓದಿದ ಮೇಲೆ ಚರ್ಚೆ ಮಾಡುವ ಗುಂಪಿದ್ದರೆ ‘ಚಿಕವೀರ ರಾಜೇಂದ್ರ’ ಮತ್ತು ‘ಘಾಚರ್ ಘೋಚರ್’ ಜೋಡಿ ಮಾಡಿ. ಅರಮನೆಯೋ ಮಸಾಲೆ ಕಂಪನಿಯೋ, ಒಬ್ಬ ಯಜಮಾನನ ಸುತ್ತ ಉಳಿದವರು ಹೇಗೆ ಬಗ್ಗುತ್ತಾರೆ ಎಂದು ಎರಡೂ ಹೇಳುತ್ತವೆ.

ಕೊಳ್ಳುವುದಕ್ಕೆ ಗಾಂಧಿಬಜಾರಿನ ಅಂಕಿತ, ಗಾಂಧಿನಗರದ ಸಪ್ನ, ನವಕರ್ನಾಟಕ ಮಳಿಗೆಗಳು ಇದ್ದೇ ಇವೆ. ಈಚಿನ ಪುಸ್ತಕಗಳು ಆನ್‌ಲೈನಿನಲ್ಲೂ ಸಲೀಸು. ಹಳೆಯ ಐತಿಹಾಸಿಕಗಳ ತಾಪತ್ರಯವೇ ಬೇರೆ. ಅ.ನ.ಕೃ. ಅವರ ವಿಜಯನಗರ ಮಾಲೆ, ಬಸವಣ್ಣನ ಕಾಲದ ಬಗ್ಗೆ ಬಿ. ಪುಟ್ಟಸ್ವಾಮಯ್ಯನವರು ಬರೆದ ಆರು ಕಾದಂಬರಿಗಳ ಸರಣಿ ಇಂಥವುಗಳ ಪೂರ್ತಿ ಕಟ್ಟು ಒಟ್ಟಿಗೆ ಸಿಗುವುದು ಅಪರೂಪ. ಅವೆನ್ಯೂ ರಸ್ತೆಯ ಹಳೆ ಪುಸ್ತಕದಂಗಡಿಗಳಲ್ಲಿ ಒಂದು ಸಂಪುಟ ಸಿಕ್ಕರೆ ಮುಂದಿನದಕ್ಕೆ ಕಾಯಬೇಡಿ, ತೆಗೆದುಕೊಂಡುಬಿಡಿ. ಕೊಳ್ಳುವ ಮೊದಲು ಕೊನೆಯ ಹತ್ತು ಪುಟ ಇವೆಯೇ ಎಂದು ನೋಡಿಕೊಳ್ಳಿ, ಹಳೆಯ ಬೈಂಡಿನಲ್ಲಿ ಮೊದಲು ಕಳಚುವುದು ಅವೇ. ಅಲ್ಲಿಯೂ ಸಿಗದಿದ್ದರೆ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ಕೇಂದ್ರ ಗ್ರಂಥಾಲಯಕ್ಕೋ ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತಿಗೋ ಹೋಗಿ ವಿಚಾರಿಸಿ. ಹೊಸದಾಗಿಯೇ ಬೇಕು, ಅವಸರವಿಲ್ಲ ಎನ್ನುವವರು ನವೆಂಬರ್ ತನಕ ತಡೆಯಿರಿ. ರಾಜ್ಯೋತ್ಸವದ ತಿಂಗಳಲ್ಲಿ ಪ್ರಕಾಶಕರು ರಿಯಾಯಿತಿ ಕೊಡುತ್ತಾರೆ, ಮಾಸ್ತಿ, ತರಾಸು, ವಸುಧೇಂದ್ರ ಮೂವರನ್ನೂ ಒಂದೇ ಚೀಲದಲ್ಲಿ ತರಬಹುದು.